ಠ ಅಕ್ಷರದ ಚುಕ್ಕಿ ಎಲ್ಲಿ ಹೋಯಿತು?

ಮಕ್ಕಳೇ, ರ ಮತ್ತು ಠ ಈ ಎರಡು ಅಕ್ಷರಗಳನ್ನು ನಿಮ್ಮ ನೋಟ್‌ಪುಸ್ತಕದಲ್ಲಿ ಪಕ್ಕಪಕ್ಕದಲ್ಲಿ ಬರೆದು ನೋಡಿ. ಎರಡಕ್ಕೂ ಇರುವ ವ್ಯತ್ಯಾಸ ಎಷ್ಟು? ಹೊಟ್ಟೆಯೊಳಗಿನ ಒಂದೇ ಒಂದು ಚುಕ್ಕಿ! ಅದು ಅಳಿಸಿಹೋದರೆ ‘ಪಾಠ’ ಎಂಬುದು ‘ಪಾರ’ ಆಗುತ್ತದೆ. ಹಾಗೆಯೇ ಅಕ್ಷರದ ಅಡಿಯಲ್ಲಿರುವ ಪುಟ್ಟ ಸೀಳು ಮುಚ್ಚಿಹೋದರೆ ‘ಧನ’ ಹೋಗಿ ‘ದನ’ ಬರುತ್ತದೆ! ಕನ್ನಡದಲ್ಲಿ ಇಂತಹ ಚಿಕ್ಕ ಗುರುತುಗಳಿಗೆ ದೊಡ್ಡ ಕೆಲಸವಿದೆ.

ಕೆಲವು ತಿಂಗಳ ಹಿಂದೆ ನಾನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ವಿಜ್ಞಾನದ ಚಟುವಟಿಕೆ ಮಾಡಿಸಲು ಹೋಗಿದ್ದೆ. ಅಲ್ಲಿ ಏಳನೆಯ ತರಗತಿಯ ಮೂಲೆಯಲ್ಲಿ ಒಂದು ಮಾನಿಟರ್, ಒಂದು ಕೀಲಿಮಣೆ, ಒಂದು ಮೌಸ್ ಇದ್ದವು. ‘ಕಂಪ್ಯೂಟರ್ ಎಲ್ಲಿ?’ ಎಂದು ಕೇಳಿದೆ. ಮಕ್ಕಳು ನಕ್ಕು ಮಾನಿಟರಿನ ಹಿಂಭಾಗ ತೋರಿಸಿದರು. ಅಂಗೈಯಷ್ಟೇ ಇರುವ ಒಂದು ಪೆಟ್ಟಿಗೆ ಅಲ್ಲಿ ಅಂಟಿಕೊಂಡಿತ್ತು! ಅದರ ಹೆಸರು ರಾಸ್ಪ್‌ಬೆರಿ ಪೈ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯಲೆಂದೇ ರೂಪಿಸಿದ ಈ ಪುಟ್ಟ ಗಣಕ 2012ರ ಫೆಬ್ರವರಿ 29ರಂದು ಮೊದಲ ಬಾರಿಗೆ ಮಾರಾಟಕ್ಕೆ ಬಂತು. ಅದರ ಹಲಗೆಯ ಉದ್ದ ಸುಮಾರು 85 ಮಿಲಿಮೀಟರ್, ಅಗಲ ಸುಮಾರು 56 ಮಿಲಿಮೀಟರ್. ಅದಕ್ಕೆ ಸ್ವಂತ ಪರದೆ ಇಲ್ಲ. ಯಾವುದಾದರೂ ಮಾನಿಟರಿಗೋ ಟಿ.ವಿ.ಗೋ ಕೇಬಲ್ಲಿನಿಂದ ಜೋಡಿಸಬೇಕು.

ಶಿಕ್ಷಕಿ ಪರದೆಯ ಮೇಲೆ ಒಂದು ಪುಟ ತೆರೆದು, ಮೂರನೆಯ ಸಾಲಿನ ಬೆಂಚಿನಲ್ಲಿದ್ದ ಹುಡುಗಿಗೆ ಓದಲು ಹೇಳಿದರು. ಅವಳು ‘ಮೊದಲನೆಯ ಪಾರ’ ಎಂದಳು. ತರಗತಿಯೆಲ್ಲ ನಕ್ಕಿತು. ‘ನಿನಗೆ ಕಣ್ಣು ತೋರಿಸಬೇಕು ಪುಟ್ಟಿ’ ಎಂದರು ಶಿಕ್ಷಕಿ. ಅವಳ ಮುಖ ಸಣ್ಣದಾಯಿತು. ನಾನು ಹೋಗಿ ಅವಳ ಪಕ್ಕದಲ್ಲಿ ಕುಳಿತು ನೋಡಿದೆ. ನನಗೂ ‘ಪಾರ’ ಎಂದೇ ಕಂಡಿತು! ಮಂಜು ಹಿಡಿದ ಗಾಜಿನ ಆಚೆಗೆ ಅಕ್ಷರಗಳನ್ನು ಇಟ್ಟ ಹಾಗಿತ್ತು. ‘ಮಾನಿಟರ್ ಹಾಳಾಗಿರಬೇಕು ಸರ್, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಹೊಸದು ಕೇಳುತ್ತೇವೆ’ ಎಂದರು ಶಿಕ್ಷಕಿ.

ಹಾಗಾದರೆ ತಪ್ಪು ಯಾರದು? ಕಣ್ಣಿನದೋ, ಮಾನಿಟರಿನದೋ, ಕಂಪ್ಯೂಟರಿನದೋ? ಊಹೆ ಮಾಡುವುದಕ್ಕಿಂತ ಪರೀಕ್ಷೆ ಮಾಡುವುದು ಒಳ್ಳೆಯದಲ್ಲವೇ?

ಎರಡು ಸುಲಭ ಪರೀಕ್ಷೆಗಳು

ಮೊದಲು ಕಣ್ಣಿನ ಸರದಿ. ಪರದೆಯ ಅಕ್ಷರದಷ್ಟೇ ದೊಡ್ಡ ಅಕ್ಷರಗಳಿದ್ದ ಒಂದು ಹಾಳೆಯನ್ನು ಮಾನಿಟರಿನ ಪಕ್ಕದಲ್ಲೇ ಹಿಡಿದೆವು. ಆ ಹುಡುಗಿ ಅದೇ ಬೆಂಚಿನಿಂದ ಪಟಪಟನೆ ಓದಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಹಾಗಾಗಿ ಕಣ್ಣಿನದು ತಪ್ಪಲ್ಲ. (ಒಂದು ವೇಳೆ ನಿಮಗೆ ಹಾಳೆಯೂ, ಕಪ್ಪು ಹಲಗೆಯೂ ಮಸುಕಾಗಿ ಕಂಡರೆ ಸುಮ್ಮನಿರಬೇಡಿ. ಮನೆಯಲ್ಲಿ ಹೇಳಿ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.)

ಎರಡನೆಯದು ಮಾನಿಟರಿನ ಪರೀಕ್ಷೆ. ಮಾನಿಟರಿನ ಅಂಚಿನಲ್ಲಿ ನಾಲ್ಕೈದು ಗುಂಡಿಗಳಿರುತ್ತವೆ. ಅವುಗಳಲ್ಲಿ ‘ಮೆನು’ ಗುಂಡಿ ಒತ್ತಿದರೆ ಬೆಳಕು, ಬಣ್ಣ ಮುಂತಾದವನ್ನು ಹೊಂದಿಸುವ ಚಿಕ್ಕ ಚೌಕಟ್ಟು ಪರದೆಯ ಮೇಲೆ ಮೂಡುತ್ತದೆ. ಈ ಚೌಕಟ್ಟನ್ನು ಕಂಪ್ಯೂಟರ್ ಬರೆಯುವುದಿಲ್ಲ, ಮಾನಿಟರ್ ತಾನೇ ಬರೆಯುತ್ತದೆ. ಆದ್ದರಿಂದ ಅದರ ಅಕ್ಷರಗಳು ಚೊಕ್ಕವಾಗಿ ಕಂಡರೆ ಪರದೆ ಆರೋಗ್ಯವಾಗಿದೆ ಎಂದೇ ಅರ್ಥ. ನಾವು ಒತ್ತಿ ನೋಡಿದೆವು. ಮೆನುವಿನ ಅಕ್ಷರಗಳು ಸೂಜಿಯಿಂದ ಕೊರೆದಂತಿದ್ದವು! ಅವುಗಳ ಹಿಂದಿದ್ದ ಪಾಠದ ಅಕ್ಷರಗಳು ಮಾತ್ರ ಮಸುಕು. ಅದೇ ಮೆನುವಿನ ಒಂದು ಮೂಲೆಯಲ್ಲಿ ಒಂದು ಸುಳಿವೂ ಸಿಕ್ಕಿತು. ಅಲ್ಲಿ ‘1280×720’ ಎಂದಿತ್ತು. ಮಾನಿಟರಿನ ಜೊತೆ ಬಂದಿದ್ದ ಕೈಪಿಡಿಯಲ್ಲಿ ‘1920×1080’ ಎಂದಿತ್ತು.

ಈ ಎರಡು ಸಂಖ್ಯೆಗಳು ಏಕೆ ಬೇರೆ ಬೇರೆ? ಉತ್ತರ ಇಲ್ಲೇ ಅಡಗಿದೆ.

ಚುಕ್ಕಿ ಇಟ್ಟ ಅಂಗಳ

ಮಾನಿಟರಿನ ಪರದೆ ರಂಗೋಲಿಗೆ ಚುಕ್ಕಿ ಇಟ್ಟ ಅಂಗಳದಂತೆ. ಅಡ್ಡಕ್ಕೆ 1920 ಚುಕ್ಕಿ, ಅಂತಹ 1080 ಸಾಲುಗಳು. ಗುಣಿಸಿ ನೋಡಿ: ಒಟ್ಟು 20,73,600 ಚುಕ್ಕಿಗಳು! ಇವನ್ನು ಪಿಕ್ಸೆಲ್ ಎನ್ನುತ್ತಾರೆ. ಆ ಶಾಲೆಯಲ್ಲಿದ್ದ 21.5 ಅಂಗುಲದ ಮಾನಿಟರಿನಲ್ಲಿ ಒಂದು ಪಿಕ್ಸೆಲ್‌ನ ಅಗಲ ಸುಮಾರು ಕಾಲು ಮಿಲಿಮೀಟರ್. ಎಂದರೆ ನಿಮ್ಮ ಅಳತೆಪಟ್ಟಿಯ ಎರಡು ಸಣ್ಣ ಗೆರೆಗಳ ನಡುವೆ ನಾಲ್ಕು ಪಿಕ್ಸೆಲ್‌ಗಳು ಕೂರುತ್ತವೆ.

ಬಿಳಿಯ ಪುಟವೊಂದನ್ನು ಪರದೆಯ ಮೇಲೆ ತೆರೆದು ಒಳ್ಳೆಯ ಭೂತಗನ್ನಡಿಯಿಂದ ನೋಡಿ. ಬಿಳಿ ಬಣ್ಣ ಮಾಯವಾಗಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಕಾಣುತ್ತವೆ! ಒಂದೊಂದು ಪಿಕ್ಸೆಲ್‌ನಲ್ಲೂ ಈ ಮೂರು ಬಣ್ಣದ ಮೂರು ಕಿಟಕಿಗಳಿರುತ್ತವೆ. ಹಿಂದೆ ಒಂದು ಬಿಳಿ ದೀಪ ಸದಾ ಉರಿಯುತ್ತಿರುತ್ತದೆ. ಕಿಟಕಿಗಳನ್ನು ಹೆಚ್ಚು ಕಡಿಮೆ ತೆರೆದು ಮುಚ್ಚುವ ಕೆಲಸ ದ್ರವಸ್ಫಟಿಕ ಎಂಬ ವಿಚಿತ್ರ ವಸ್ತುವಿನದು. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್ ಗಜ್ಜರಿಯಿಂದ ಪಡೆದ ಒಂದು ವಸ್ತುವಿನ ಮೇಲೆ ಕೆಲಸ ಮಾಡುತ್ತಿದ್ದಾಗ, ಅದು ಎರಡು ಬಾರಿ ‘ಕರಗು’ವುದನ್ನು ಕಂಡ. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮಬ್ಬು ದ್ರವವಾಯಿತು, 178.5 ಡಿಗ್ರಿಯಲ್ಲಿ ತಿಳಿಯಾಯಿತು. ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ಗಜ್ಜರಿಗೂ ಕಂಪ್ಯೂಟರಿಗೂ ಇಂತಹ ನಂಟು ಇದ್ದೀತು ಎಂದು ಯಾರು ತಾನೇ ಎಣಿಸಿದ್ದರು!

ನಾವು ನೆನಪಿಡಬೇಕಾದದ್ದು ಇಷ್ಟು. ಈ ಪಿಕ್ಸೆಲ್‌ಗಳನ್ನು ಕಾರ್ಖಾನೆಯಲ್ಲೇ ಗಾಜಿನ ಮೇಲೆ ಮಾಡಿಬಿಟ್ಟಿರುತ್ತಾರೆ. ಅವನ್ನು ಸರಿಸಲಾಗದು, ಹಿಗ್ಗಿಸಲಾಗದು, ಅರ್ಧ ಮಾಡಲೂ ಆಗದು.

ಈಗ ಹೀಗೆ ಯೋಚಿಸಿ. ಅಜ್ಜಿ ಅಂಗಳದಲ್ಲಿ ಸಾಲಿಗೆ 15ರಂತೆ 15 ಸಾಲು ಚುಕ್ಕಿ ಇಟ್ಟು ಹೋಗಿದ್ದಾರೆ. ನಿಮ್ಮ ಕೈಯಲ್ಲಿರುವ ಪುಸ್ತಕದಲ್ಲಿರುವುದು 10 ಚುಕ್ಕಿಯ ರಂಗೋಲಿ. ಅದನ್ನೇ ಅಂಗಳದ ತುಂಬ ಹಿಗ್ಗಿಸಿ ಬಿಡಿಸಬೇಕು, ಆದರೆ ಗೆರೆಗಳು ಅಜ್ಜಿಯ ಚುಕ್ಕಿಗಳ ಮೇಲೆಯೇ ಹೋಗಬೇಕು. ಆದೀತೇ? ಪುಸ್ತಕದ ಒಂದು ಚುಕ್ಕಿಗೆ ಅಂಗಳದಲ್ಲಿ ಒಂದೂವರೆ ಚುಕ್ಕಿ ಬೇಕಾಗುತ್ತದೆ. ಒಂದೂವರೆ ಚುಕ್ಕಿಯನ್ನು ಎಲ್ಲಿಂದ ತರುವುದು?

ಆ ಶಾಲೆಯ ಮಾನಿಟರಿಗೆ ಬಂದಿದ್ದದ್ದು ಇದೇ ಸಂಕಟ. ಕಂಪ್ಯೂಟರ್ ಸಾಲಿಗೆ 1280 ಚುಕ್ಕಿಗಳ ಚಿತ್ರ ಕಳಿಸುತ್ತಿತ್ತು. ಪರದೆಯಲ್ಲಿರುವುದು 1920. 1920ನ್ನು 1280ರಿಂದ ಭಾಗಿಸಿ. ಒಂದೂವರೆ! 1080ನ್ನು 720ರಿಂದ ಭಾಗಿಸಿದರೂ ಒಂದೂವರೆಯೇ.

ಮಾಡಿ ನೋಡಿ

ಒಂದು ಚೌಕುಳಿ ಹಾಳೆ ಮತ್ತು ಪೆನ್ಸಿಲ್ ತೆಗೆದುಕೊಳ್ಳಿ. ಮೇಲಿನ ಸಾಲಿನಲ್ಲಿ ನಾಲ್ಕು ಚೌಕಗಳನ್ನು ಕಪ್ಪು, ಬಿಳಿ, ಕಪ್ಪು, ಬಿಳಿ ಎಂದು ತುಂಬಿ. ಇದು ಕಂಪ್ಯೂಟರ್ ಕಳಿಸಿದ ಚಿತ್ರ. ಇದನ್ನೇ ಕೆಳಗಿನ ಸಾಲಿನ ಆರು ಚೌಕಗಳಿಗೆ ಹಿಗ್ಗಿಸಬೇಕು. ಒಂದೊಂದು ಚುಕ್ಕಿಗೂ ಒಂದೂವರೆ ಚೌಕ ಸಿಗುತ್ತದೆ. ಮೊದಲನೆಯ ಚೌಕ ಪೂರ್ತಿ ಕಪ್ಪು. ಎರಡನೆಯದರಲ್ಲಿ ಅರ್ಧ ಕಪ್ಪು, ಅರ್ಧ ಬಿಳಿ ಬರಬೇಕು. ಆದರೆ ಒಂದು ಚೌಕಕ್ಕೆ ಒಂದೇ ಬಣ್ಣ ಹಚ್ಚಬಹುದು ಎಂಬುದು ನಿಯಮ. ಏನು ಮಾಡುತ್ತೀರಿ? ಎರಡನ್ನೂ ಬೆರೆಸಿ ಬೂದು ಬಣ್ಣ ಹಚ್ಚಬೇಕಾಗುತ್ತದೆ. ಮೂರನೆಯದು ಬಿಳಿ, ನಾಲ್ಕನೆಯದು ಕಪ್ಪು, ಐದನೆಯದು ಮತ್ತೆ ಬೂದು, ಆರನೆಯದು ಬಿಳಿ.

ಈಗ ಹಾಳೆಯನ್ನು ದೂರ ಹಿಡಿದು ನೋಡಿ. ಮೇಲಿನ ಸಾಲಿನಲ್ಲಿ ಕಪ್ಪು ಬಿಳುಪು ಖಚಿತವಾಗಿದೆ. ಕೆಳಗಿನ ಸಾಲಿನಲ್ಲಿ ಕಪ್ಪು ಎಲ್ಲಿ ಮುಗಿಯಿತು, ಬಿಳಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಈ ಬೂದು ಚೌಕಗಳೇ ನಮ್ಮ ಕಣ್ಣಿಗೆ ‘ಮಸುಕು’ ಎಂದು ಕಾಣುವುದು. ಠ ಅಕ್ಷರದ ಹೊಟ್ಟೆಯಲ್ಲಿ ಚುಕ್ಕಿಯ ಸುತ್ತ ಉಳಿಯುವ ಬಿಳಿ ಜಾಗ ಎಷ್ಟು? ಒಂದೆರಡು ಪಿಕ್ಸೆಲ್ ಅಷ್ಟೇ. ಅದೂ ಬೂದಾದರೆ, ಚುಕ್ಕಿಯೂ ಬೂದಾದರೆ, ಠ ಹೋಗಿ ರ ಆಗುವುದರಲ್ಲಿ ಆಶ್ಚರ್ಯವೇನಿದೆ?

ನಾಲ್ಕು ಚೌಕಗಳನ್ನು ಆರರ ಬದಲು ಎಂಟು ಚೌಕಗಳಿಗೆ ಹಿಗ್ಗಿಸಿ ನೋಡಿ. ಒಂದಕ್ಕೆ ಸರಿಯಾಗಿ ಎರಡು. ಈಗ ಬೂದು ಬರುವುದೇ ಇಲ್ಲ! ಪೂರ್ಣಾಂಕ ಬಂದಾಗ ಗಡಿ ಖಚಿತ, ಭಿನ್ನರಾಶಿ ಬಂದಾಗ ಬೆರಕೆ. ಗಣಿತದ ಪುಸ್ತಕದ ಭಿನ್ನರಾಶಿ ಹೀಗೆ ಪರದೆಯ ಮೇಲೂ ಕಾಟ ಕೊಡುತ್ತದೆ ನೋಡಿ!

ಒಳ್ಳೆಯ ಉದ್ದೇಶ, ತಪ್ಪು ದಾರಿ

1280×720 ಎಂದು ಬದಲಾಯಿಸಿದ್ದು ಯಾರು? ವಿಚಾರಿಸಿದಾಗ ಶಿಕ್ಷಕಿಯೇ ಹೇಳಿದರು. ಕಡೆಯ ಬೆಂಚಿನ ಮಕ್ಕಳಿಗೆ ಅಕ್ಷರ ಚಿಕ್ಕದಾಗಿ ಕಾಣುತ್ತಿತ್ತಂತೆ. ಸಂಖ್ಯೆ ಕಡಿಮೆ ಮಾಡಿದಾಗ ಅಕ್ಷರಗಳು ದೊಡ್ಡದಾದವಂತೆ. ಅದು ನಿಜವೇ. ಅವರ ಉದ್ದೇಶದಲ್ಲಿ ತಪ್ಪಿಲ್ಲ, ಬಹಳ ಕಡೆ ಹೀಗೆಯೇ ಮಾಡುತ್ತಾರೆ. ಆದರೆ ಅಕ್ಷರವನ್ನು ದೊಡ್ಡದು ಮಾಡಲು ಎರಡು ದಾರಿಗಳಿವೆ. ಎರಡೂ ಒಂದೇ ಅಲ್ಲ.

ಕಂಪ್ಯೂಟರಿಗೆ ಠ ಎಂದರೆ ಏನು ಎಂದು ಗೊತ್ತು. ಅದರ ಅಕ್ಷರಕೋಶದಲ್ಲಿ, ಅಂದರೆ ಫಾಂಟ್‌ನಲ್ಲಿ, ಪ್ರತಿಯೊಂದು ಅಕ್ಷರದ ಬಾಗು ಬಳುಕುಗಳನ್ನು ಗಣಿತದ ಗೆರೆಗಳಾಗಿ ಬರೆದಿಟ್ಟಿರುತ್ತಾರೆ. ‘ದೊಡ್ಡದಾಗಿ ಬರೆ’ ಎಂದರೆ ಅದು ಆ ಗೆರೆಗಳನ್ನು ನೋಡಿಕೊಂಡು ದೊಡ್ಡ ಠ ಒಂದನ್ನು ಹೊಸದಾಗಿ ಬರೆಯುತ್ತದೆ. ಹೆಚ್ಚು ಚುಕ್ಕಿ ಸಿಕ್ಕಷ್ಟೂ ಅಕ್ಷರ ದುಂಡಗಾಗುತ್ತದೆ.

ಮಾನಿಟರಿಗೆ ಅಕ್ಷರಜ್ಞಾನ ಇಲ್ಲ! ಅದಕ್ಕೆ ಕಾಣುವುದು ಬರೀ ಚುಕ್ಕಿಗಳು. ಇದು ಠ, ಇದು ಹೂವಿನ ಚಿತ್ರ ಎಂಬ ಭೇದ ಅದಕ್ಕೆ ತಿಳಿಯದು. ಕಡಿಮೆ ಚುಕ್ಕಿಯ ಚಿತ್ರ ಬಂದರೆ ಪಕ್ಕಪಕ್ಕದ ಚುಕ್ಕಿಗಳನ್ನು ಬೆರೆಸಿ ಹಿಗ್ಗಿಸುತ್ತದೆ, ಅಷ್ಟೇ. ಚಿಕ್ಕ ಫೋಟೋ ಒಂದನ್ನು ದೊಡ್ಡದು ಮಾಡಿಸಿದರೆ ಮುಖ ಮಸುಕಾಗುವುದನ್ನು ನೀವು ನೋಡಿಲ್ಲವೇ? ಹಾಗೆ.

ಆದ್ದರಿಂದ ಹಿಗ್ಗಿಸುವ ಕೆಲಸವನ್ನು ಅಕ್ಷರ ಬಲ್ಲ ಕಂಪ್ಯೂಟರಿಗೆ ಒಪ್ಪಿಸಬೇಕು, ಮಾನಿಟರಿಗೆ ಒಪ್ಪಿಸಬಾರದು.

ನಾವು ಮಾಡಿದ್ದೂ ಅದನ್ನೇ. ರಾಸ್ಪ್‌ಬೆರಿ ಪೈ ಮೆನುವಿನಲ್ಲಿ ‘ಪ್ರಿಫರೆನ್ಸಸ್’ ಎಂಬ ಭಾಗವಿದೆ. ಅದರಲ್ಲಿ ಪರದೆಗೆ ಸಂಬಂಧಿಸಿದ ಆಯ್ಕೆ ತೆರೆದು, ‘ರೆಸಲ್ಯೂಷನ್’ ಎಂಬಲ್ಲಿ 1920×1080 ಆರಿಸಿದೆವು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂತು. ಅಕ್ಷರಗಳು ಥಟ್ಟನೆ ಚೊಕ್ಕವಾದವು, ಆದರೆ ಚಿಕ್ಕದಾದವು. ಕಡೆಯ ಬೆಂಚಿನಿಂದ ‘ಕಾಣ್ತಿಲ್ಲ ಸರ್’ ಎಂಬ ಕೂಗು ಬಂತು. ಆಮೇಲೆ ಫಾಂಟ್‌ನ ಅಳತೆಯನ್ನು ಹೆಚ್ಚಿಸಿದೆವು. ಈಗ ಅಕ್ಷರ ದೊಡ್ಡದೂ ಹೌದು, ಸ್ಪಷ್ಟವೂ ಹೌದು. ಇದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಹೊಸ ಮಾನಿಟರಿನ ಮಾತೂ ಅಲ್ಲಿಗೇ ನಿಂತಿತು.

ಇಲ್ಲಿ ಒಂದು ಮಾತು. ಚೊಕ್ಕ ಅಕ್ಷರವನ್ನೂ ಭೂತಗನ್ನಡಿಯಿಂದ ನೋಡಿದರೆ ಅಂಚಿನಲ್ಲಿ ಸ್ವಲ್ಪ ಬೂದು ಕಾಣುತ್ತದೆ. ಗಾಬರಿ ಬೇಡ. ಚೌಕ ಚುಕ್ಕಿಗಳಿಂದ ದುಂಡು ಗೆರೆ ಬರೆಯಲು ಕಂಪ್ಯೂಟರ್ ಬೇಕೆಂದೇ ಅಲ್ಲಲ್ಲಿ ಬೂದು ಸೇರಿಸುತ್ತದೆ. ಕನ್ನಡದಂತಹ ದುಂಡಗಿನ ಲಿಪಿಗೆ ಅದು ಬೇಕೇ ಬೇಕು. ಎಲ್ಲಿ ಬೂದು ಹಾಕಬೇಕು ಎಂಬುದು ಅದಕ್ಕೆ ತಿಳಿದಿದೆ, ಮಾನಿಟರಿಗೆ ತಿಳಿದಿಲ್ಲ.

ಯಾರೂ ಬದಲಾಯಿಸದೆ ಮಸುಕಾದರೆ?

ಕೆಲವೊಮ್ಮೆ ಯಾರೂ ಏನೂ ಮಾಡದಿದ್ದರೂ ತಪ್ಪು ಸಂಖ್ಯೆ ಬಂದು ಕೂರುತ್ತದೆ. ಇದಕ್ಕೂ ಕಾರಣವಿದೆ. ಮಾನಿಟರಿನೊಳಗೆ ಒಂದು ಪುಟ್ಟ ‘ಪರಿಚಯ ಪತ್ರ’ ಇರುತ್ತದೆ. ‘ನನ್ನಲ್ಲಿ ಇಷ್ಟು ಚುಕ್ಕಿಗಳಿವೆ, ಇಂತಹ ಚಿತ್ರಗಳನ್ನು ತೋರಿಸಬಲ್ಲೆ’ ಎಂಬ ವಿವರ ಅದರಲ್ಲಿದೆ. ಇದನ್ನು ಇ.ಡಿ.ಐ.ಡಿ. ಎನ್ನುತ್ತಾರೆ. ಇದರ ಮುಖ್ಯ ಭಾಗ ಬರೀ 128 ಬೈಟ್‌ಗಳಷ್ಟು. ಕಂಪ್ಯೂಟರ್ ಶುರುವಾಗುವಾಗ ಕೇಬಲ್ಲಿನ ಮೂಲಕ ಈ ಪತ್ರವನ್ನು ಓದಿ, ಅದಕ್ಕೆ ತಕ್ಕ ಚಿತ್ರ ಕಳಿಸುತ್ತದೆ. ಎಚ್‌.ಡಿ.ಎಂ.ಐ. ಕೇಬಲ್ಲಿನ ತುದಿಯಲ್ಲಿ 19 ಪಿನ್‌ಗಳಿರುತ್ತವೆ. ಚಿತ್ರಕ್ಕೆ ಬೇರೆ ಪಿನ್‌ಗಳು, ಈ ಪತ್ರಕ್ಕೆ ಬೇರೆ ಪಿನ್‌ಗಳು. ಪತ್ರದ ಪಿನ್ ಸರಿಯಾಗಿ ತಾಗದಿದ್ದರೆ ಚಿತ್ರವೇನೋ ಬರುತ್ತದೆ, ಆದರೆ ಕಂಪ್ಯೂಟರ್ ಕತ್ತಲೆಯಲ್ಲಿ ತಡಕಾಡಿದಂತೆ ಯಾವುದೋ ಒಂದು ಸುರಕ್ಷಿತ ಚಿಕ್ಕ ಸಂಖ್ಯೆಯನ್ನು ಆರಿಸಿಕೊಳ್ಳುತ್ತದೆ. ಆಗ ವಿದ್ಯುತ್ ಆರಿಸಿ, ಕೇಬಲ್ ಬಿಚ್ಚಿ ಗಟ್ಟಿಯಾಗಿ ಸಿಕ್ಕಿಸಿ, ಮೊದಲು ಮಾನಿಟರ್ ಹಾಕಿ, ನಂತರ ಕಂಪ್ಯೂಟರ್ ಹಾಕಿ ನೋಡಬೇಕು. ಎಷ್ಟೋ ಬಾರಿ ಇಷ್ಟಕ್ಕೇ ಸರಿಹೋಗುತ್ತದೆ.

18.5 ಅಂಗುಲದ ಅನೇಕ ಮಾನಿಟರುಗಳಲ್ಲಿ 1366×768 ಚುಕ್ಕಿಗಳಿರುತ್ತವೆ. 1366ನ್ನು 8ರಿಂದ ಭಾಗಿಸಿ ನೋಡಿ, ಶೇಷ ಉಳಿಯುತ್ತದೆ. 8ರ ಗುಣಕಗಳನ್ನೇ ಬಯಸುವ ಕೆಲವು ಸಾಧನಗಳು ಇದರ ಬದಲು 1360 ಚುಕ್ಕಿ ಕಳಿಸುತ್ತವೆ. ಬರೀ 6 ಚುಕ್ಕಿ ಕಡಿಮೆ! ಆದರೂ ಮಾನಿಟರ್ ಅದನ್ನು ಹಿಗ್ಗಿಸಲು ಹೋದಾಗ ಅಡ್ಡಸಾಲಿನಲ್ಲಿ ಕೆಲವು ಕಡೆ ಮಸುಕು, ಕೆಲವು ಕಡೆ ಸ್ಪಷ್ಟ, ಹೀಗೆ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಪರದೆಯಲ್ಲಿ ಇಂತಹ ಪಟ್ಟಿಗಳು ಕಂಡರೆ ಚುಕ್ಕಿಯ ಲೆಕ್ಕ ಸ್ವಲ್ಪವೇ ತಪ್ಪಿದೆ ಎಂದು ತಿಳಿಯಿರಿ.

ಹಳೆಯ ಮಾನಿಟರುಗಳ ಕಥೆ ಬೇರೆ. ಅವಕ್ಕೆ 15 ಪಿನ್‌ಗಳ ವಿ.ಜಿ.ಎ. ಕೇಬಲ್ ಇರುತ್ತದೆ. ಇದು 1987ರಲ್ಲಿ ಬಂದದ್ದು. ಪೈ ಹಲಗೆಯಲ್ಲಿ ವಿ.ಜಿ.ಎ. ಇಲ್ಲವಾದ್ದರಿಂದ ನಡುವೆ ಒಂದು ಪರಿವರ್ತಕ ಹಾಕುತ್ತಾರೆ. ವಿ.ಜಿ.ಎ. ತಂತಿಯಲ್ಲಿ ಚುಕ್ಕಿಗಳು ಎಣಿಕೆಯಾಗಿ ಹೋಗುವುದಿಲ್ಲ, ಏರಿಳಿಯುವ ಅಲೆಯಾಗಿ ಹರಿಯುತ್ತವೆ. ಆ ಹರಿವಿನಿಂದ ಒಂದೊಂದು ಚುಕ್ಕಿಯನ್ನು ಸರಿಯಾದ ಕ್ಷಣದಲ್ಲಿ ಮಾನಿಟರ್ ಹೆಕ್ಕಿಕೊಳ್ಳಬೇಕು. 1280×1024 ಚಿತ್ರ ಸೆಕೆಂಡಿಗೆ 60 ಬಾರಿ ಬರುವಾಗ ಒಂದು ಚುಕ್ಕಿಗೆ ಸಿಗುವ ಸಮಯ ಸುಮಾರು 9 ನ್ಯಾನೋಸೆಕೆಂಡ್, ಅಂದರೆ ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ 9 ಭಾಗ! ಅರ್ಧ ಚುಕ್ಕಿಯಷ್ಟು ತಡವಾದರೂ ಪಕ್ಕದ ಚುಕ್ಕಿ ಬೆರೆತುಹೋಗುತ್ತದೆ. ಅಕ್ಷರದ ನಿಂತ ಗೆರೆಗಳು ಮಾತ್ರ ಮಸುಕಾಗಿ, ಮಲಗಿದ ಗೆರೆಗಳು ಸ್ಪಷ್ಟವಾಗಿದ್ದರೆ ಇದೇ ಕಾರಣ ಎಂದು ಊಹಿಸಬಹುದು. ಮದ್ದು ಸುಲಭ: ಮಾನಿಟರಿನ ಮೇಲಿರುವ ‘ಆಟೋ’ ಗುಂಡಿ ಒತ್ತಿದರೆ ಅದು ತನ್ನ ಗಡಿಯಾರವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಪರದೆಯ ತುಂಬ ಅಕ್ಷರಗಳಿರುವ ಪುಟ ತೆರೆದಿಟ್ಟು ಒತ್ತಿದರೆ ಇನ್ನೂ ಒಳ್ಳೆಯದು.

ಮಾನಿಟರಿನ ಬದಲು ಟಿ.ವಿ.ಗೆ ಜೋಡಿಸಿದಾಗ ಇನ್ನೊಂದು ತಮಾಷೆ ನಡೆಯುತ್ತದೆ. ಸಂಖ್ಯೆ 1920×1080 ಎಂದೇ ಇರುತ್ತದೆ, ಆದರೂ ಅಕ್ಷರ ಮಸುಕು. ಜೊತೆಗೆ ಮೇಲಿನ ಮೆನುವಿನ ಅಂಚು ಕತ್ತರಿಸಿದಂತೆ ಕಾಣುತ್ತದೆ. ಹಿಂದಿನ ಕಾಲದ ದಪ್ಪ ಹೊಟ್ಟೆಯ ಟಿ.ವಿ.ಗಳಲ್ಲಿ ಚಿತ್ರದ ಅಂಚು ಸೊಟ್ಟಪಟ್ಟ ಬರುತ್ತಿತ್ತು. ಅದನ್ನು ಮರೆಮಾಡಲು ಚಿತ್ರವನ್ನು ಚೌಕಟ್ಟಿಗಿಂತ ಸ್ವಲ್ಪ ದೊಡ್ಡದಾಗಿ ಬರೆದು ಅಂಚನ್ನು ಹೊರಗೆ ಬಿಡುತ್ತಿದ್ದರು. ಇದಕ್ಕೆ ‘ಓವರ್‌ಸ್ಕ್ಯಾನ್’ ಎಂದು ಹೆಸರು. ದಪ್ಪ ಟಿ.ವಿ.ಗಳು ಮೂಲೆ ಸೇರಿದರೂ ಈ ಅಭ್ಯಾಸ ಅನೇಕ ಚಪ್ಪಟೆ ಟಿ.ವಿ.ಗಳಲ್ಲಿ ಉಳಿದುಕೊಂಡಿದೆ! ಸರಿಯಾಗಿರುವ ಚಿತ್ರವನ್ನೂ ಅವು ಸ್ವಲ್ಪ ಹಿಗ್ಗಿಸಿಬಿಡುತ್ತವೆ. ಹಿಗ್ಗಿಸಿದರೆ ಏನಾಗುತ್ತದೆ ಎಂದು ನಿಮಗೀಗ ಗೊತ್ತು. ಟಿ.ವಿ. ರಿಮೋಟಿನಲ್ಲಿ ಚಿತ್ರದ ಅಳತೆಯ ಆಯ್ಕೆಗೆ ಹೋಗಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಥವಾ ‘1:1’ ಎಂಬುದನ್ನು ಆರಿಸಬೇಕು. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿರುತ್ತದೆ. 1:1 ಎಂಬ ಹೆಸರೇ ನನಗೆ ಹೆಚ್ಚು ಇಷ್ಟ. ಕಂಪ್ಯೂಟರಿನ ಒಂದು ಚುಕ್ಕಿಗೆ ಪರದೆಯ ಒಂದೇ ಚುಕ್ಕಿ ಎಂದು ನೇರವಾಗಿ ಹೇಳಿಬಿಡುತ್ತದೆ.

ಆ ದಿನ ಸಂಜೆ ಘಂಟೆ ಹೊಡೆದರೂ ಆ ಹುಡುಗಿ ಹೊರಡಲಿಲ್ಲ. ‘ಪಾಠ’ ಎಂಬ ಪದವನ್ನು ಪರದೆಯ ಮೇಲೆ ತೆರೆದಿಟ್ಟುಕೊಂಡು, ನನ್ನ ಭೂತಗನ್ನಡಿ ಹಿಡಿದು, ಠ ಅಕ್ಷರದ ಹೊಟ್ಟೆಯೊಳಗೆ ಇಣುಕುತ್ತಿದ್ದಳು. ‘ಚುಕ್ಕಿಯೊಳಗೆ ಎಷ್ಟು ಚುಕ್ಕಿ ಇದೆ?’ ಎಂದು ಕೇಳಿದೆ. ತುಸು ಹೊತ್ತು ಎಣಿಸಿ ಹೇಳಿದಳು: ‘ನಾಲ್ಕು ಸರ್. ಎರಡು ಮೇಲೆ, ಎರಡು ಕೆಳಗೆ.’